ಐಫ್ರೇಮ್ ವಿಜೆಟ್ ಒಳಗೆ, ಪೋರ್ಟಲ್‌ಗೆ ಲಾಗಿನ್ ಆಗಿರುವವರು ಯಾರೆಂದು ತಿಳಿಯುವುದು ಹೇಗೆ?

ಪಾಟಿ_ಬಳಪ (ಪ್ರಶ್ನೆ)

ನಮಸ್ಕಾರ. ಪ್ರೌಢಶಾಲೆಯೊಂದರ ಪೋರ್ಟಲ್ ವರ್ಡ್‌ಪ್ರೆಸ್‌ನಲ್ಲಿದೆ. ಮಕ್ಕಳು ತಮ್ಮ ಖಾತೆಯಿಂದ ಲಾಗಿನ್ ಆಗಿ ಪಾಠ ಓದುತ್ತಾರೆ. ಪ್ರತಿ ಪಾಠದ ಕೊನೆಗೆ ಒಂದು ಕ್ವಿಜ್ ವಿಜೆಟ್ ಐಫ್ರೇಮ್‌ನಲ್ಲಿ (ಪುಟದೊಳಗೆ ಇನ್ನೊಂದು ಪುಟ ತೋರಿಸುವ ಚೌಕಟ್ಟು) ತೆರೆದುಕೊಳ್ಳುತ್ತದೆ. ವಿಜೆಟ್ ಇರುವುದು ಬೇರೆ ಡೊಮೇನ್‌ನಲ್ಲಿ, ನೋಡ್‌ಜೆಎಸ್ ಸರ್ವರ್ ಮೇಲೆ. ಹೆಸರು ಬದಲಿಸಿ ಬರೆಯುತ್ತಿದ್ದೇನೆ: ಪೋರ್ಟಲ್ ‘ಶಾಲೆ.ಉದಾ’, ವಿಜೆಟ್ ‘ಕ್ವಿಜ್.ಉದಾ’.

ಬೇಕಿರುವುದು ಇಷ್ಟು: ವಿಜೆಟ್ ತೆರೆದಾಗ ವಿದ್ಯಾರ್ಥಿಯ ಹೆಸರು, ತರಗತಿ ಕಾಣಬೇಕು. ಅಂಕ ಅವರ ಖಾತೆಗೇ ಸೇರಬೇಕು. ಇನ್ನೊಮ್ಮೆ ಪಾಸ್‌ವರ್ಡ್ ಕೇಳಬಾರದು.

ಈವರೆಗೆ ಮಾಡಿ ನೋಡಿದ್ದು:

1. ವಿಜೆಟ್‌ನ ಸ್ಕ್ರಿಪ್ಟ್‌ನಿಂದ ಹೊರಪುಟದಲ್ಲಿರುವ ಹೆಸರನ್ನು ಓದುವುದು. ಕ್ರಾಸ್ ಒರಿಜಿನ್ ದೋಷ ಬರುತ್ತದೆ.
2. ವಿಜೆಟ್‌ನಿಂದ ವರ್ಡ್‌ಪ್ರೆಸ್ ರೆಸ್ಟ್ ಎಪಿಐನ (ಪ್ರೋಗ್ರಾಂಗಳು ಮಾಹಿತಿ ಕೇಳುವ ದಾರಿ) ‘ಯೂಸರ್ಸ್/ಮಿ’ ವಿಳಾಸಕ್ಕೆ ಕ್ರೆಡೆನ್ಷಿಯಲ್ಸ್ (ಲಾಗಿನ್ ಕುಕೀ) ಸಹಿತ ಫೆಚ್, ಅಂದರೆ ಸ್ಕ್ರಿಪ್ಟ್‌ನಿಂದ ಕೋರಿಕೆ. ಉತ್ತರ 401, ‘ರೆಸ್ಟ್ ನಾಟ್ ಲಾಗ್ಡ್ ಇನ್’.
3. ಐಫ್ರೇಮ್ ವಿಳಾಸದಲ್ಲೇ ಯುಐಡಿ=418 ಎಂದು ಬಳಕೆದಾರ ಸಂಖ್ಯೆ ಕಳುಹಿಸುವುದು. ಕೆಲಸ ಮಾಡುತ್ತದೆ, ಆದರೆ ಯಾರು ಬೇಕಾದರೂ ಸಂಖ್ಯೆ ಬದಲಿಸಬಹುದು.
4. ಕ್ವಿಜ್.ಉದಾ ತಾಣಕ್ಕೆ ಪ್ರತ್ಯೇಕ ಲಾಗಿನ್, ಕುಕೀಗೆ ‘ಸೇಮ್‌ಸೈಟ್ ನನ್, ಸೆಕ್ಯೂರ್’ (ಬೇರೆ ತಾಣದ ಪುಟದೊಳಗೂ ಕುಕೀ ಹೋಗಲೆಂಬ ಗುಣ). ಲ್ಯಾಪ್‌ಟಾಪ್‌ನ ಕ್ರೋಮ್‌ನಲ್ಲಿ ಸರಿ. ಐಫೋನ್‌ನಲ್ಲೂ ಫೈರ್‌ಫಾಕ್ಸ್‌ನಲ್ಲೂ ಆ ತಾಣಕ್ಕೆ ನೇರವಾಗಿ ಲಾಗಿನ್ ಆಗಿ ಬಂದರೂ ಐಫ್ರೇಮ್ ಒಳಗೆ ಲಾಗಿನ್ ಇಲ್ಲ ಎನ್ನುತ್ತದೆ.

ಇದೇ ಪೋರ್ಟಲ್ ಅನ್ನು ಆಂಡ್ರಾಯ್ಡ್ ಆ್ಯಪ್ ಒಂದರ ವೆಬ್‌ವ್ಯೂನಲ್ಲೂ (ಆ್ಯಪ್ ಒಳಗಿನ ಬ್ರೌಸರ್) ತೆರೆಯುತ್ತಾರೆ. ಎಲ್ಲ ಕಡೆ ನಡೆಯುವ ದಾರಿ ಯಾವುದು?

---

ಸೇತುಬಂಧ

ನಾಲ್ಕೂ ಕೆಲಸ ಮಾಡದಿರುವ ಕಾರಣ ಬೇರೆ ಬೇರೆ. ಕಾರಣ ಗೊತ್ತಿದ್ದರೆ ಮುಂದಿನ ದಾರಿ ಸಲೀಸು, ಆದ್ದರಿಂದ ಮೊದಲು ಅದು.

ಒಂದನೆಯದು ಬ್ರೌಸರ್‌ನ ಸೇಮ್ ಒರಿಜಿನ್ ನಿಯಮ. ಸ್ಕೀಮ್, ಹೋಸ್ಟ್, ಪೋರ್ಟ್ ಮೂರೂ ಒಂದೇ ಆಗಿದ್ದರೆ ಮಾತ್ರ ಒಂದು ಪುಟದ ಸ್ಕ್ರಿಪ್ಟ್ ಇನ್ನೊಂದರ ಒಳಗನ್ನು ಓದಬಹುದು. ಇದನ್ನು ಸಡಿಲಿಸುವ ಯಾವ ಹೆಡರ್ ಕೂಡ ಇಲ್ಲ. ಬೇರೆ ಒರಿಜಿನ್‌ಗೆ ಉತ್ತರ ಓದಲು ಒಪ್ಪಿಗೆ ಕೊಡುವ ಕಾರ್ಸ್ ಹೆಡರ್‌ಗಳು ಫೆಚ್‌ಗೆ ಅನ್ವಯಿಸುತ್ತವೆ, ಪುಟದ ಒಳಗನ್ನು ಓದುವುದಕ್ಕಲ್ಲ.

ಎರಡನೆಯದರಲ್ಲಿ ಎರಡು ತಡೆಗಳಿವೆ, ಹಾಗಾಗಿ ಮೊದಲನೆಯದನ್ನು ಮಾತ್ರ ಸರಿಪಡಿಸಿದರೂ ಅದೇ 401 ಕಾಣುತ್ತದೆ. ವರ್ಡ್‌ಪ್ರೆಸ್ ತನ್ನ ಲಾಗಿನ್ ಕುಕೀಗೆ ಸೇಮ್‌ಸೈಟ್ ಗುಣವನ್ನು ಹಾಕುವುದಿಲ್ಲ. ಹಾಕದ ಕುಕೀಯನ್ನು ಕ್ರೋಮ್ 2020ರಿಂದ ‘ಲ್ಯಾಕ್ಸ್’ ಎಂದೇ ಪರಿಗಣಿಸುತ್ತದೆ. ಬೇರೆ ತಾಣದ ಐಫ್ರೇಮ್‌ನಿಂದ ಹೊರಟ ಫೆಚ್ ಜೊತೆ ಅಂಥ ಕುಕೀ ಹೋಗುವುದಿಲ್ಲ. ಒಂದು ವೇಳೆ ಹೋದರೂ, ಕುಕೀ ಜೊತೆ ‘ಎಕ್ಸ್-ಡಬ್ಲ್ಯುಪಿ-ನಾನ್ಸ್’ ಹೆಡರ್ (ಕೋರಿಕೆ ಪೋರ್ಟಲ್‌ನ ಪುಟದಿಂದಲೇ ಬಂದದ್ದೆಂದು ತೋರಿಸುವ ತಾತ್ಕಾಲಿಕ ಸಂಕೇತ) ಇಲ್ಲದಿದ್ದರೆ ರೆಸ್ಟ್ ಎಪಿಐ ಬಳಕೆದಾರರನ್ನು ಸೊನ್ನೆ ಮಾಡಿಬಿಡುತ್ತದೆ, ಅಂದರೆ ಲಾಗಿನ್ ಆಗಿಲ್ಲ ಎಂದೇ ಲೆಕ್ಕ. ಇದನ್ನು ‘ಸರಿಪಡಿಸಲು’ ನಾನ್ಸ್ ಪರೀಕ್ಷೆಯನ್ನೇ ತೆಗೆಯುವ ತುಣುಕು ಕೋಡ್‌ಗಳು ಅಲ್ಲಲ್ಲಿ ಸಿಗುತ್ತವೆ. ದಯವಿಟ್ಟು ಹಾಕಬೇಡಿ. ವರ್ಡ್‌ಪ್ರೆಸ್ ರೆಸ್ಟ್ ಎಪಿಐ ಕೇಳಿದ ಒರಿಜಿನ್ ಯಾವುದಿದ್ದರೂ ಅದನ್ನೇ ‘ಅಲೋ ಒರಿಜಿನ್’ ಹೆಡರ್‌ನಲ್ಲಿ ಮರಳಿಸುತ್ತದೆ, ಕ್ರೆಡೆನ್ಷಿಯಲ್ಸ್‌ಗೂ ಒಪ್ಪಿಗೆ ಕೊಡುತ್ತದೆ. ಅಲ್ಲಿ ಕಾವಲಿಗೆ ನಿಂತಿರುವುದು ನಾನ್ಸ್ ಮಾತ್ರ.

ಮೂರನೆಯದರ ದೋಷವನ್ನು ನೀವೇ ಹೇಳಿದ್ದೀರಿ. ಸಂಖ್ಯೆಯ ಬದಲು ಉದ್ದನೆಯ ಐಡಿ ಹಾಕಿದರೂ ಅದು ಗುರುತೇ ಹೊರತು ಪುರಾವೆಯಲ್ಲ.

ನಾಲ್ಕನೆಯದು ಥರ್ಡ್ ಪಾರ್ಟಿ ಕುಕೀ, ಅಂದರೆ ತೆರೆದಿರುವ ಪುಟದ ತಾಣದ್ದಲ್ಲದ, ಒಳಗಿನ ಬೇರೆ ತಾಣದ ಕುಕೀ. ಸಫಾರಿ 2020ರ ಮಾರ್ಚ್‌ನಿಂದ ಇವನ್ನು ಪೂರ್ತಿ ತಡೆದಿದೆ. ಫೈರ್‌ಫಾಕ್ಸ್ 2022ರಿಂದ ಪ್ರತಿ ಹೊರತಾಣಕ್ಕೂ (ಹೊರಪುಟ ಇರುವ ತಾಣ) ಬೇರೆ ಕುಕೀ ಡಬ್ಬಿ ಇಡುತ್ತದೆ. ಅದಕ್ಕೇ ನೇರವಾಗಿ ಹೋಗಿ ಲಾಗಿನ್ ಆದದ್ದು ಐಫ್ರೇಮ್‌ಗೆ ಕಾಣುವುದಿಲ್ಲ. ಕ್ರೋಮ್ ಇವನ್ನು ತೆಗೆದುಹಾಕುವ ಯೋಜನೆಯನ್ನು ಕೈಬಿಟ್ಟಿತು, ಆದರೆ ಇನ್‌ಕಾಗ್ನಿಟೋದಲ್ಲಿ ಈಗಲೂ ತಡೆ ಇದೆ. ಆಂಡ್ರಾಯ್ಡ್ 5 ಅಥವಾ ಮೇಲಿನದನ್ನು ಗುರಿಯಾಗಿಸಿದ ಆ್ಯಪ್‌ನ ವೆಬ್‌ವ್ಯೂನಲ್ಲೂ ಥರ್ಡ್ ಪಾರ್ಟಿ ಕುಕೀ ಮೊದಲಿನಿಂದಲೇ ಆಫ್. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ನಡೆದದ್ದೇ ಅಪವಾದ ಎಂದುಕೊಳ್ಳಿ.

ಈಗ ದಾರಿ. ವಿಜೆಟ್ ಪೋರ್ಟಲ್‌ನ ಲಾಗಿನ್ ಅನ್ನು ಹೋಗಿ ಓದುವುದಲ್ಲ. ಪೋರ್ಟಲ್‌ನ ಸರ್ವರ್ ‘ಇವರು ಇಂಥವರು’ ಎಂದು ಸಹಿ ಹಾಕಿದ, ಒಂದೆರಡು ನಿಮಿಷ ಮಾತ್ರ ನಡೆಯುವ ಟೋಕನ್ ಕೊಡಬೇಕು. ಹೊರಪುಟ ಅದನ್ನು ಪೋಸ್ಟ್‌ಮೆಸೇಜ್ (ಪುಟ ಮತ್ತು ಐಫ್ರೇಮ್ ನಡುವೆ ಸಂದೇಶ ಕಳುಹಿಸುವ ಬ್ರೌಸರ್ ಸೌಲಭ್ಯ) ಮೂಲಕ ಐಫ್ರೇಮ್‌ಗೆ ದಾಟಿಸಬೇಕು. ವಿಜೆಟ್‌ನ ಸರ್ವರ್ ಸಹಿ ಪರೀಕ್ಷಿಸಿ ತನ್ನದೇ ಸೆಷನ್ ತೆರೆಯಬೇಕು. ಈ ಸರಪಳಿಯಲ್ಲಿ ಥರ್ಡ್ ಪಾರ್ಟಿ ಕುಕೀ ಎಲ್ಲೂ ಬೇಕಾಗುವುದಿಲ್ಲ, ಆದ್ದರಿಂದ ಸಫಾರಿ, ಫೈರ್‌ಫಾಕ್ಸ್, ವೆಬ್‌ವ್ಯೂ ಎಲ್ಲ ಕಡೆ ಒಂದೇ ರೀತಿ ನಡೆಯುತ್ತದೆ.

---

ಬೀಗದಕೈ

ಸೇತುಬಂಧ ಅವರು ಹೇಳಿದ್ದೇ ಸರಿಯಾದ ದಾರಿ. ಟೋಕನ್ ವಿಷಯದಲ್ಲಿ ಎಡವುವ ಜಾಗಗಳು ಹಲವು ಇರುವುದರಿಂದ ಅದನ್ನಷ್ಟು ಬಿಡಿಸಿ ಬರೆಯುತ್ತೇನೆ.

ಕೀ: 32 ಬೈಟ್ ಯಾದೃಚ್ಛಿಕ ಕೀ ಮಾಡಿಕೊಳ್ಳಿ. ಓಪನ್‌ಎಸ್‌ಎಸ್‌ಎಲ್‌ನ ‘ರ‍್ಯಾಂಡ್’ ಆದೇಶ ಸಾಕು. ಪೋರ್ಟಲ್ ಕಡೆ ಅದು ಡಬ್ಲ್ಯುಪಿ-ಕಾನ್ಫಿಗ್ ಕಡತದಲ್ಲಿ, ವಿಜೆಟ್ ಕಡೆ ಎನ್ವಿರಾನ್‌ಮೆಂಟ್ ವೇರಿಯಬಲ್‌ನಲ್ಲಿ ಇರಲಿ. ಜಾವಾಸ್ಕ್ರಿಪ್ಟ್‌ಗೆ ಬಂದ ಕೀ ರಹಸ್ಯವಲ್ಲ, ಪುಟದ ಸೋರ್ಸ್ ನೋಡಿದವರಿಗೆಲ್ಲ ಅದು ಸಿಗುತ್ತದೆ. ಮುಂದೆ ಇನ್ನೊಬ್ಬರ ವಿಜೆಟ್ ಸೇರಿಸಿದರೆ ಅವರಿಗೆ ಬೇರೆ ಕೀ. ಎಚ್‌ಎಸ್256 ಎಂಬ ಸಹಿ ವಿಧಾನದಲ್ಲಿ ಎರಡೂ ಕಡೆ ಒಂದೇ ಕೀ, ಆದ್ದರಿಂದ ಸಹಿ ಪರೀಕ್ಷಿಸಬಲ್ಲವರು ಸಹಿ ಹಾಕಲೂ ಬಲ್ಲರು. ಹಾಗಾಗಿ ಒಂದೇ ಕೀಯನ್ನು ಇಬ್ಬರಿಗೆ ಕೊಟ್ಟರೆ ಒಬ್ಬರು ಇನ್ನೊಬ್ಬರ ಬಳಿ ಯಾವ ವಿದ್ಯಾರ್ಥಿಯ ವೇಷವನ್ನಾದರೂ ಹಾಕಬಹುದು. ಹೊರಗಿನವರು ಹೆಚ್ಚಾದರೆ ಆರ್‌ಎಸ್256ಕ್ಕೆ (ಸಹಿಗೆ ಒಂದು, ಪರೀಕ್ಷೆಗೆ ಇನ್ನೊಂದು ಕೀ ಇರುವ ವಿಧಾನ) ಹೋಗಿ, ಅವರಿಗೆ ಪಬ್ಲಿಕ್ ಕೀ ಮಾತ್ರ ಕೊಡಿ.

ಟೋಕನ್ ಒಳಗೆ: ಕೊಟ್ಟವರು ಯಾರು, ಯಾರಿಗಾಗಿ, ವಿದ್ಯಾರ್ಥಿಯ ಐಡಿ, ಹೆಸರು, ತರಗತಿ, ಕೊಟ್ಟ ಹೊತ್ತು, ಮುಗಿಯುವ ಹೊತ್ತು, ಒಂದು ಅನನ್ಯ ಜೆಟಿಐ (ಟೋಕನ್‌ನ ಗುರುತು). ಆಯಸ್ಸು 120 ಸೆಕೆಂಡ್ ಸಾಕು, ಯಾಕೆಂದರೆ ಇದರ ಕೆಲಸ ಸೆಷನ್ ತೆರೆಯುವುದಷ್ಟೇ. ಜೆಡಬ್ಲ್ಯುಟಿಯ (ಈ ಬಗೆಯ ಸಹಿ ಹಾಕಿದ ಟೋಕನ್) ಒಳಭಾಗ ಗೂಢಲಿಪಿಯಲ್ಲ, ಕೈಗೆ ಸಿಕ್ಕವರೆಲ್ಲ ಓದಬಹುದು. ಸಹಿ ತಿದ್ದುವುದನ್ನು ತಡೆಯುತ್ತದೆ, ಓದುವುದನ್ನಲ್ಲ. ಫೋನ್ ಸಂಖ್ಯೆ, ಹುಟ್ಟಿದ ದಿನ, ಪೋಷಕರ ಹೆಸರು ಅಲ್ಲಿಗೆ ಹೋಗಬಾರದು.

ವಿಜೆಟ್ ಸರ್ವರ್‌ನಲ್ಲಿ ಪರೀಕ್ಷಿಸುವಾಗ ಅಲ್ಗಾರಿದಮ್ ಅನ್ನು ನಿಮ್ಮ ಕೋಡ್‌ನಲ್ಲಿ ಸ್ಥಿರವಾಗಿ ಬರೆಯಿರಿ. ಟೋಕನ್‌ನ ತಲೆಭಾಗ ಹೇಳಿದ್ದನ್ನು ನಂಬಬೇಡಿ, ಅಲ್ಲಿ ‘ನನ್’ ಎಂದು ಬರೆದು ಸಹಿಯಿಲ್ಲದೆ ಕಳುಹಿಸುವುದು ಹಳೆಯ ದಾಳಿ. ನೋಡ್ ಲೈಬ್ರರಿಗಳಲ್ಲಿ ‘ಡಿಕೋಡ್’ ಮತ್ತು ‘ವೆರಿಫೈ’ ಎಂದು ಎರಡು ಫಂಕ್ಷನ್ ಇರುತ್ತವೆ. ಮೊದಲನೆಯದು ಸಹಿಯನ್ನು ನೋಡುವುದೇ ಇಲ್ಲ. ಕೊಟ್ಟವರು, ಯಾರಿಗಾಗಿ ಎರಡನ್ನೂ ಹೋಲಿಸಿ. ಎರಡು ಸರ್ವರ್‌ಗಳ ಗಡಿಯಾರ ಒಂದಿಷ್ಟು ಹಿಂದುಮುಂದು ಇರುವುದರಿಂದ 30ರಿಂದ 60 ಸೆಕೆಂಡ್ ರಿಯಾಯಿತಿ ಕೊಡಿ, ಎರಡರಲ್ಲೂ ಗಡಿಯಾರ ಸರಿಹೊಂದಿಸುವ ಎನ್‌ಟಿಪಿ ಓಡುತ್ತಿರಲಿ. ಬಳಸಿದ ಜೆಟಿಐ ಅನ್ನು ರೆಡಿಸ್‌ನಲ್ಲಿ (ವೇಗದ ಡೇಟಾ ಸಂಗ್ರಹ) 5 ನಿಮಿಷ ಇಟ್ಟು, ಮತ್ತೆ ಬಂದರೆ ನಿರಾಕರಿಸಿ.

ಪರೀಕ್ಷೆ ಪಾಸಾದ ಮೇಲೆ ವಿಜೆಟ್ ಸರ್ವರ್ ತನ್ನ ಸ್ವಂತ ಸೆಷನ್ ಟೋಕನ್ ಕೊಡಲಿ, 30 ನಿಮಿಷದ್ದು. ಅದು ಐಫ್ರೇಮ್‌ನ ಜಾವಾಸ್ಕ್ರಿಪ್ಟ್ ವೇರಿಯಬಲ್‌ನಲ್ಲಿ ಮಾತ್ರ ಇರಬೇಕು, ಪ್ರತಿ ಕೋರಿಕೆಯಲ್ಲಿ ಆಥರೈಸೇಷನ್ ಹೆಡರ್‌ನಲ್ಲಿ ಹೋಗಬೇಕು. ಪುಟ ರಿಫ್ರೆಶ್ ಆದರೆ ಅದು ಅಳಿಯುತ್ತದೆ. ಅಳಿಯಲಿ, ಹೊರಪುಟದಿಂದ ಹೊಸ ಟೋಕನ್ ಕೇಳುವುದಕ್ಕೆ ಅರೆ ಕ್ಷಣ ಸಾಕು.

ಎಲ್ಲಕ್ಕಿಂತ ದೊಡ್ಡ ಅಪಾಯ ಪುಟದ ಕ್ಯಾಶ್, ಅಂದರೆ ಒಮ್ಮೆ ಮಾಡಿದ ಪುಟವನ್ನು ಉಳಿಸಿಕೊಂಡು ಎಲ್ಲರಿಗೂ ಅದನ್ನೇ ಕೊಡುವುದು. ಟೋಕನ್ ಅನ್ನು ಪಿಎಚ್‌ಪಿಯಿಂದ ನೇರವಾಗಿ ಪುಟದ ಎಚ್‌ಟಿಎಂಎಲ್‌ನಲ್ಲಿ ಅಚ್ಚು ಹಾಕಿದಿರಿ ಎನ್ನಿ. ಕ್ಯಾಶ್ ಪ್ಲಗಿನ್ ಅಥವಾ ಸಿಡಿಎನ್ (ಪುಟದ ಪ್ರತಿಗಳನ್ನು ಹಂಚುವ ಜಾಲ) ಆ ಪುಟವನ್ನು ಉಳಿಸಿಕೊಂಡರೆ ಮುಂದೆ ಬರುವ ಮಕ್ಕಳಿಗೆಲ್ಲ ಮೊದಲನೆಯವರ ಟೋಕನ್ ಹೋಗುತ್ತದೆ. ಆಯಸ್ಸು, ಜೆಟಿಐ ಪರೀಕ್ಷೆ ಇಲ್ಲದಿದ್ದರೆ ಎಲ್ಲರೂ ಒಬ್ಬರ ಹೆಸರಿನಲ್ಲಿ ಕ್ವಿಜ್ ಬರೆಯುತ್ತಾರೆ, ಇದ್ದರೆ ಅವರಿಗೆ ಕ್ವಿಜ್ ತೆರೆಯುವುದೇ ಇಲ್ಲ. ಪರೀಕ್ಷಾ ಸರ್ವರ್‌ನಲ್ಲಿ ಕ್ಯಾಶ್ ಇರುವುದಿಲ್ಲವಾದ್ದರಿಂದ ಇದು ಅಲ್ಲಿ ಕಾಣುವುದಿಲ್ಲ. ಆದ್ದರಿಂದ ಪುಟದಲ್ಲಿ ಟೋಕನ್ ಇರಬಾರದು. ಪುಟ ತೆರೆದ ಮೇಲೆ, ಹೊರಪುಟದ ಸ್ಕ್ರಿಪ್ಟ್ ಅದನ್ನು ಪ್ರತ್ಯೇಕ ಪೋಸ್ಟ್ ಕೋರಿಕೆಯಿಂದ ತರಬೇಕು, ಆ ಉತ್ತರಕ್ಕೆ ‘ನೋ-ಸ್ಟೋರ್’ (ಉಳಿಸಬೇಡ ಎನ್ನುವ) ಹೆಡರ್ ಇರಬೇಕು.

---

ಪಾಟಿ_ಬಳಪ

ಇಬ್ಬರಿಗೂ ಧನ್ಯವಾದ. ಹೀಗೇ ಕಟ್ಟಿ ನೋಡಿದೆ, ಐಫೋನ್‌ನಲ್ಲೂ ಹೆಸರು ಬಂತು. ಮೂರು ತೊಂದರೆ ಉಳಿದಿವೆ.

ಒಂದು, ಕೆಲವು ಸಲ ಪೋಸ್ಟ್‌ಮೆಸೇಜ್ ವಿಜೆಟ್‌ಗೆ ತಲುಪುವುದೇ ಇಲ್ಲ, ನಿಧಾನ ನೆಟ್‌ವರ್ಕ್‌ನಲ್ಲಿ ಇದು ಹೆಚ್ಚು. ಎರಡು, ಟೋಕನ್ ತರುವ ರೆಸ್ಟ್ ಎಂಡ್‌ಪಾಯಿಂಟ್ ಬೆಳಗ್ಗೆ ಕೆಲವರಿಗೆ 403 ಕೊಡುತ್ತದೆ, ‘ರೆಸ್ಟ್ ಕುಕೀ ಇನ್‌ವ್ಯಾಲಿಡ್ ನಾನ್ಸ್’ ಎಂದು. ಮೂರು, ಪೋರ್ಟಲ್ ಕೊಟ್ಟ ಟೋಕನ್ ಅನ್ನು ಬ್ರೌಸರ್‌ನಲ್ಲಿ ಬಿಡಿಸಿದರೆ ಕನ್ನಡ ಹೆಸರು ಸರಿಯಾಗಿದೆ. ವಿಜೆಟ್ ಸರ್ವರ್ ಕೊಟ್ಟ ಸೆಷನ್ ಟೋಕನ್ ಬಿಡಿಸಿದರೆ ಅದೇ ಹೆಸರು ವಿಚಿತ್ರ ಚಿಹ್ನೆಗಳಾಗುತ್ತದೆ. ಎರಡರಲ್ಲೂ ಬಿಡಿಸುವ ಕೋಡ್ ಒಂದೇ.

---

ಒತ್ತಕ್ಷರ

ಮೂರನೆಯದರಿಂದ ಶುರು ಮಾಡುತ್ತೇನೆ, ಕನ್ನಡದಲ್ಲಿ ವೆಬ್ ಕೆಲಸ ಮಾಡುವ ಎಲ್ಲರಿಗೂ ಇದು ಎದುರಾಗುತ್ತದೆ.

ನೀವು ಬಿಡಿಸುತ್ತಿರುವುದು ‘ಎಟೂಬಿ’ ಫಂಕ್ಷನ್‌ನಿಂದ ಇರಬೇಕು. ಅದು ಬೇಸ್64 (ಬೈಟ್‌ಗಳನ್ನು ಸಾದಾ ಅಕ್ಷರಗಳಲ್ಲಿ ಬರೆಯುವ ರೀತಿ) ಅನ್ನು ಬೈಟ್‌ಗಳಾಗಿ ಬಿಡಿಸಿ ಪ್ರತಿ ಬೈಟ್‌ಗೂ ಒಂದು ಅಕ್ಷರ ಕೊಡುತ್ತದೆ. ಕನ್ನಡದ ಪ್ರತಿ ಯುನಿಕೋಡ್ ಸಂಕೇತ ಯುಟಿಎಫ್-8ರಲ್ಲಿ 3 ಬೈಟ್. ‘ಲಕ್ಷ್ಮಿ’ ಎಂಬ ಹೆಸರು ನಮ್ಮ ಕಣ್ಣಿಗೆ ಎರಡೇ ಅಕ್ಷರ, ಯುನಿಕೋಡ್‌ನಲ್ಲಿ 7 ಸಂಕೇತ (ಲ, ಕ, ಹಲಂತ, ಷ, ಹಲಂತ, ಮ, ಗುಡಿಸು), ಯುಟಿಎಫ್-8ರಲ್ಲಿ 21 ಬೈಟ್. ಎಟೂಬಿ ಅದನ್ನು 21 ಬಿಡಿ ಚಿಹ್ನೆ ಮಾಡುತ್ತದೆ. ಕನ್ನಡದ ಮೊದಲ ಬೈಟ್ ಯಾವಾಗಲೂ ಒಂದೇ ಆದ್ದರಿಂದ, ತಲೆಯ ಮೇಲೆ ಓರೆಗೆರೆ ಇರುವ ಇಂಗ್ಲಿಷ್ ‘ಎ’ ಅಕ್ಷರ ಪ್ರತಿ ಮೂರಕ್ಕೊಮ್ಮೆ ಕಾಣುತ್ತಿದ್ದರೆ ಇದೇ ಕಾರಣ ಎಂದು ಖಚಿತ.

ಹಾಗಾದರೆ ಪೋರ್ಟಲ್ ಟೋಕನ್ ಯಾಕೆ ಸರಿ? ಪಿಎಚ್‌ಪಿಯ ಜೇಸನ್ ಎನ್‌ಕೋಡ್, ಬೇರೆ ಹೇಳದಿದ್ದರೆ, ಕನ್ನಡವನ್ನು ಎಸ್ಕೇಪ್ ರೂಪಕ್ಕೆ ತಿರುಗಿಸಿ ಬರಿಯ ಆಸ್ಕಿ (ಇಂಗ್ಲಿಷ್ ಅಕ್ಷರ, ಅಂಕಿ, ಚಿಹ್ನೆ) ಮಾಡಿಬಿಡುತ್ತದೆ. ಅದಕ್ಕೆ ಎಟೂಬಿ ಸಾಕಾಗುತ್ತದೆ. ನೋಡ್‌ನ ಜೇಸನ್ ಸ್ಟ್ರಿಂಗಿಫೈ ಕನ್ನಡವನ್ನು ಹಾಗೇ ಬಿಡುತ್ತದೆ, ಅಲ್ಲಿ ತೊಂದರೆ ಹೊರಬೀಳುತ್ತದೆ. ಎಟೂಬಿ ಕೊಟ್ಟದ್ದನ್ನು ಯುಇಂಟ್8 ಅರೇ ಮಾಡಿ ಟೆಕ್ಸ್ಟ್‌ಡಿಕೋಡರ್‌ಗೆ ಕೊಟ್ಟರೆ ಕನ್ನಡ ಮರಳಿ ಬರುತ್ತದೆ. ಜೆಡಬ್ಲ್ಯುಟಿ ಬಳಸುವುದು ಬೇಸ್64ಯುಆರ್‌ಎಲ್, ಅದರಲ್ಲಿ ಕೂಡು ಚಿಹ್ನೆ ಮತ್ತು ಓರೆಗೆರೆಗೆ ಬದಲಾಗಿ ಅಡ್ಡಗೆರೆ ಮತ್ತು ಅಡಿಗೆರೆ ಇರುತ್ತವೆ. ಎಟೂಬಿಗೆ ಮುನ್ನ ಅವನ್ನು ಮರಳಿ ಬದಲಿಸದಿದ್ದರೆ ಕೆಲವು ಟೋಕನ್ ಮಾತ್ರ ದೋಷ ಕೊಡುತ್ತವೆ, ಉಳಿದವು ಸರಿ ಹೋಗುತ್ತವೆ. ಹುಡುಕಲು ಬಹಳ ಕಷ್ಟದ ದೋಷ ಅದು.

ಆದರೆ ನಿಜವಾಗಿ ಬ್ರೌಸರ್‌ನಲ್ಲಿ ಟೋಕನ್ ಬಿಡಿಸುವ ಅಗತ್ಯವೇ ಇಲ್ಲ. ಸೆಷನ್ ಕೊಡುವಾಗ ಹೆಸರು, ತರಗತಿಯನ್ನು ಸಾಮಾನ್ಯ ಜೇಸನ್ ಉತ್ತರದಲ್ಲೇ ಕಳುಹಿಸಿ. ಆಗ ಸೆಷನ್ ಟೋಕನ್ ಒಳಗೆ ಹೆಸರೂ ಬೇಡ, ಅದು ಯಾದೃಚ್ಛಿಕ ಅಕ್ಷರಸಾಲು ಆಗಿದ್ದರೂ ಸಾಕು.

ಇದರ ನೆಂಟರು ಇನ್ನಿಬ್ಬರಿದ್ದಾರೆ. ಕನ್ನಡ ಹೆಸರನ್ನು ಎಚ್‌ಟಿಟಿಪಿ ಹೆಡರ್‌ನಲ್ಲಿ ಹಾಕಿದರೆ ಫೆಚ್ ಹೊರಡುವ ಮುನ್ನವೇ ಟೈಪ್‌ಎರರ್ ಕೊಡುತ್ತದೆ, ಹೆಡರ್‌ಗೆ ಒಂದು ಬೈಟ್‌ನ ಅಕ್ಷರ ಮಾತ್ರ ಒಪ್ಪಿಗೆ. ಯುಆರ್‌ಎಲ್‌ನಲ್ಲಿ ಹಾಕಿದರೆ ಮೇಲಿನ ಅದೇ ‘ಲಕ್ಷ್ಮಿ’ 63 ಅಕ್ಷರ ಉದ್ದವಾಗುತ್ತದೆ. ಇನ್ನು ಹೆಸರಿನ ಜಾಗದಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆಗಳು ಸಾಲಾಗಿ ಬಂದರೆ ಅದು ಬಿಡಿಸುವ ದೋಷವಲ್ಲ. ಡೇಟಾಬೇಸ್ ಕಾಲಂ ಅಥವಾ ಸಂಪರ್ಕದ ಅಕ್ಷರ ಸಂಚಯ ತಪ್ಪಿದೆ, ಉಳಿಸುವಾಗಲೇ ಹೆಸರು ಹೋಗಿದೆ, ಮರಳಿ ಪಡೆಯಲಾಗದು.

ಈಗ ಮೊದಲನೆಯದು. ನೀವು ಐಫ್ರೇಮ್ ಹಾಕಿದ ತಕ್ಷಣ ಟೋಕನ್ ಕಳುಹಿಸುತ್ತಿದ್ದೀರಿ, ಆ ಹೊತ್ತಿಗೆ ವಿಜೆಟ್‌ನ ಸ್ಕ್ರಿಪ್ಟ್ ಇನ್ನೂ ಇಳಿದಿರುವುದಿಲ್ಲ. ಕೇಳುವವರಿಲ್ಲದ ಸಂದೇಶವನ್ನು ಬ್ರೌಸರ್ ಕಾದಿರಿಸುವುದಿಲ್ಲ. ಕ್ರಮ ತಿರುಗಿಸಿ. ವಿಜೆಟ್ ಮೊದಲು ತನ್ನ ಲಿಸನರ್ (ಸಂದೇಶ ಕೇಳಿಸಿಕೊಳ್ಳುವ ಕೋಡ್) ಕಟ್ಟಿಕೊಂಡು ‘ಸಿದ್ಧ’ ಎಂದು ಹೊರಪುಟಕ್ಕೆ ಹೇಳಲಿ. ಹೊರಪುಟ ಅದನ್ನು ಕೇಳಿದ ಮೇಲೆ ಟೋಕನ್ ತಂದು ಕೊಡಲಿ. ವಿಜೆಟ್ 1 ಸೆಕೆಂಡಿಗೊಮ್ಮೆ 10 ಸಲ ‘ಸಿದ್ಧ’ ಎನ್ನಲಿ, ಅಷ್ಟರಲ್ಲೂ ಉತ್ತರವಿಲ್ಲದಿದ್ದರೆ ‘ಪೋರ್ಟಲ್‌ಗೆ ಲಾಗಿನ್ ಆಗಿ’ ಎಂದು ತೋರಿಸಲಿ. ಜಾವಾಸ್ಕ್ರಿಪ್ಟ್ ಅನ್ನು ಬಳಕೆದಾರರು ಮುಟ್ಟುವವರೆಗೆ ತಡೆಹಿಡಿಯುವ ಆಯ್ಕೆ ಕೆಲವು ಕ್ಯಾಶ್ ಪ್ಲಗಿನ್‌ಗಳಲ್ಲಿದೆ. ಅದು ಆನ್ ಇದ್ದರೆ ಹೊರಪುಟದ ಲಿಸನರ್ ಇಲ್ಲದೆ ‘ಸಿದ್ಧ’ ಕೂಡ ಕಳೆದುಹೋಗುತ್ತದೆ. ನಿಮ್ಮ ಸ್ಕ್ರಿಪ್ಟ್ ಅನ್ನು ಆ ಪಟ್ಟಿಯಿಂದ ಹೊರಗಿಡಿ.

‘ಸಿದ್ಧ’ದಲ್ಲಿ ರಹಸ್ಯವಿಲ್ಲ, ಅದನ್ನು ನಕ್ಷತ್ರ ಚಿಹ್ನೆಯ ಗುರಿಗೆ ಕಳುಹಿಸಬಹುದು. ಟೋಕನ್ ಹಾಗಲ್ಲ, ಗುರಿ ಒರಿಜಿನ್ ಅನ್ನು ಪೂರ್ತಿಯಾಗಿ ಬರೆಯಿರಿ. ಸ್ವೀಕರಿಸುವ ಎರಡೂ ಕಡೆ ಈವೆಂಟ್‌ನ ಒರಿಜಿನ್ ಅನ್ನು ಮೂರು ಸಮ ಚಿಹ್ನೆಯಿಂದ ಹೋಲಿಸಿ. ‘ಇದರಲ್ಲಿ ಶಾಲೆ.ಉದಾ ಇದೆಯೇ’ ಎಂದು ಹುಡುಕುವ ಪರೀಕ್ಷೆ ‘ಶಾಲೆ.ಉದಾ.ಕಳ್ಳ.ಉದಾ’ವನ್ನೂ ಒಳಗೆ ಬಿಡುತ್ತದೆ. ಹೊರಪುಟದಲ್ಲಿ ಈವೆಂಟ್‌ನ ಸೋರ್ಸ್ ನಿಮ್ಮ ಐಫ್ರೇಮ್‌ನ ವಿಂಡೋವೇ ಎಂದೂ ನೋಡಿ. ಹೋಲಿಕೆ ಸುಮ್ಮನೆ ಸೋಲುವ ಎರಡು ಸಂದರ್ಭ: ಒರಿಜಿನ್‌ನ ಕೊನೆಯಲ್ಲಿ ಓರೆಗೆರೆ ಬರೆದಿರುವುದು (ಒರಿಜಿನ್‌ಗೆ ಅದು ಇರುವುದೇ ಇಲ್ಲ), ಡಬ್ಲ್ಯುಡಬ್ಲ್ಯುಡಬ್ಲ್ಯು ಇರುವ ಮತ್ತು ಇಲ್ಲದ ವಿಳಾಸ ಎರಡೂ ತೆರೆಯುತ್ತಿರುವುದು. ಐಫ್ರೇಮ್‌ಗೆ ಸ್ಯಾಂಡ್‌ಬಾಕ್ಸ್ (ಅದರ ಅಧಿಕಾರ ಕಡಿಮೆ ಮಾಡುವ ಗುಣ) ಹಾಕಿ ‘ಅಲೋ-ಸೇಮ್-ಒರಿಜಿನ್’ ಸೇರಿಸದಿದ್ದರೆ ವಿಜೆಟ್‌ನ ಒರಿಜಿನ್ ‘ನಲ್’ ಎಂದು ಬರುತ್ತದೆ, ಆಗಲೂ ಹೋಲಿಕೆ ನಡೆಯದು.

ಎರಡನೆಯದಕ್ಕೆ ಬೀಗದಕೈ ಅವರು ಹೇಳಿದ ಕ್ಯಾಶ್ ಕಾರಣವೇ. ವರ್ಡ್‌ಪ್ರೆಸ್ ನಾನ್ಸ್‌ನ ಆಯಸ್ಸು 12ರಿಂದ 24 ಗಂಟೆ. ಮೇಲಾಗಿ ಅದು ಆಯಾ ಬಳಕೆದಾರರಿಗೆ, ಆಯಾ ಸೆಷನ್‌ಗೆ ಕಟ್ಟಿದ್ದು. ನಿನ್ನೆಯ ಪುಟ ಕ್ಯಾಶ್‌ನಿಂದ ಬಂದರೆ ಅದರಲ್ಲಿ ಸತ್ತ ನಾನ್ಸ್ ಅಥವಾ ಲಾಗಿನ್ ಆಗದವರ ನಾನ್ಸ್ ಇರುತ್ತದೆ. ಈ ಒಂದು ಕೆಲಸಕ್ಕೆ ರೆಸ್ಟ್ ಬದಲು ವರ್ಡ್‌ಪ್ರೆಸ್‌ನ ಇನ್ನೊಂದು ಕೋರಿಕೆ ವಿಳಾಸವಾದ ಅಡ್ಮಿನ್-ಏಜಾಕ್ಸ್ ಬಳಸಿ. ‘ಡಬ್ಲ್ಯುಪಿ ಏಜಾಕ್ಸ್’ ಹುಕ್ (ನಿಮ್ಮ ಕೋಡ್ ಸಿಕ್ಕಿಸುವ ಜಾಗ) ಲಾಗಿನ್ ಆದವರಿಗೆ ಮಾತ್ರ ಓಡುತ್ತದೆ, ‘ನೋಪ್ರಿವ್’ ಹುಕ್ ಬರೆಯದಿದ್ದರೆ ಉಳಿದವರಿಗೆ 400 ಮತ್ತು ಸೊನ್ನೆ ಸಿಗುತ್ತದೆ. ಕ್ಯಾಶ್ ಬೇಡವೆಂಬ ಹೆಡರ್‌ಗಳನ್ನು ಅದು ತಾನೇ ಹಾಕುತ್ತದೆ. ಟೋಕನ್ ಕೊಡುವುದರಿಂದ ಪೋರ್ಟಲ್‌ನಲ್ಲಿ ಏನೂ ಬದಲಾಗುವುದಿಲ್ಲ, ಬೇರೆ ತಾಣಗಳು ಉತ್ತರವನ್ನು ಓದಲಾರವು, ಆದ್ದರಿಂದ ಇಲ್ಲಿ ನಾನ್ಸ್ ಇಲ್ಲದೆ ನಡೆಯುತ್ತದೆ. ಅಂಕ ಬರೆಯುವಂಥ ಕೆಲಸವನ್ನು ಮಾತ್ರ ಇದೇ ರೀತಿ ಬಿಡಬೇಡಿ.

---

ಅಡ್ಡರಸ್ತೆ

ಟೋಕನ್ ದಾರಿಗೆ ನನ್ನ ಒಪ್ಪಿಗೆಯಿದೆ. ಆದರೂ ಡಿಎನ್‌ಎಸ್ ನಿಮ್ಮ ಕೈಯಲ್ಲಿದ್ದರೆ ‘ಕ್ವಿಜ್.ಶಾಲೆ.ಉದಾ’ ಎಂಬ ಸಬ್‌ಡೊಮೇನ್ ಅನ್ನು ವಿಜೆಟ್ ಸರ್ವರ್‌ಗೆ ತಿರುಗಿಸುವ ಆಯ್ಕೆಯನ್ನೂ ಯೋಚಿಸಿ. ಒರಿಜಿನ್ ಬೇರೆಯಾದರೂ ಸೈಟ್ ಒಂದೇ ಆಗುವುದರಿಂದ ಐಫ್ರೇಮ್‌ನೊಳಗೆ ವಿಜೆಟ್‌ನ ಕುಕೀ ಫಸ್ಟ್ ಪಾರ್ಟಿಯಾಗುತ್ತದೆ. ಒಂದು ಷರತ್ತು: ಪೋರ್ಟಲ್‌ನ ಲಾಗಿನ್ ಕುಕೀ ಇಡೀ ಡೊಮೇನ್‌ಗೆ ಇಟ್ಟದ್ದಾಗಿರಬಾರದು. ಹಾಗಿದ್ದರೆ ಅದು ಪ್ರತಿ ಕೋರಿಕೆಯಲ್ಲೂ ವಿಜೆಟ್ ಸರ್ವರ್‌ಗೆ ಹೋಗುತ್ತದೆ, ಮುಖ್ಯೋಪಾಧ್ಯಾಯರು ಲಾಗಿನ್ ಆಗಿದ್ದರೆ ಅವರದ್ದೂ ಹೋಗುತ್ತದೆ. ಸಾದಾ ವರ್ಡ್‌ಪ್ರೆಸ್‌ನಲ್ಲಿ ಕುಕೀ ಆ ಹೋಸ್ಟ್‌ಗೆ ಮಾತ್ರ. ‘ಕುಕೀ ಡೊಮೇನ್’ ಸ್ಥಿರಾಂಕವನ್ನು ಯಾರಾದರೂ ಬದಲಿಸಿದ್ದಾರೆಯೇ ಎಂದು ಕಾನ್ಫಿಗ್‌ನಲ್ಲಿ ನೋಡಿ. ವಿಜೆಟ್ ಹೊರಗಿನವರದಾದರೆ ಈ ದಾರಿ ಬೇಡ.

ಸ್ಟೋರೇಜ್ ಆಕ್ಸೆಸ್ ಎಪಿಐ ಬಗ್ಗೆ ಯಾರಾದರೂ ಹೇಳುತ್ತಾರೆ, ಆದ್ದರಿಂದ ಮುಂಚೆಯೇ ಬರೆಯುತ್ತೇನೆ. ಐಫ್ರೇಮ್ ತನ್ನ ಕುಕೀ ಬಳಸಲು ಅನುಮತಿ ಕೇಳುವ ವ್ಯವಸ್ಥೆ ಅದು. ಬಳಕೆದಾರರು ಐಫ್ರೇಮ್ ಒಳಗೆ ಒತ್ತಬೇಕು, ಅನುಮತಿ ಪೆಟ್ಟಿಗೆ ಬರಬಹುದು, ಸಫಾರಿಯಲ್ಲಿ ಅವರು ಮೊದಲೇ ಆ ತಾಣಕ್ಕೆ ನೇರವಾಗಿ ಹೋಗಿ ಬಳಸಿರಬೇಕು. ತನ್ನದೇ ಲಾಗಿನ್ ಇರುವ ದೊಡ್ಡ ಸೇವೆಗಳಿಗೆ ಅದು ಸರಿ. ಎಂಟನೇ ತರಗತಿಯ ಮಕ್ಕಳ ಮುಂದೆ ಇಂಥ ಪೆಟ್ಟಿಗೆ ತಂದಿಟ್ಟರೆ ಅರ್ಧ ತರಗತಿ ‘ಬೇಡ’ ಒತ್ತುತ್ತದೆ. ಕುಕೀಯ ‘ಪಾರ್ಟಿಷನ್ಡ್’ ಗುಣ ಕ್ರೋಮ್ 114ರಿಂದ ಇದೆ. ಅದು ಒಂದೇ ಹೊರತಾಣದೊಳಗೆ ಸೆಷನ್ ಉಳಿಸಿಕೊಳ್ಳಲು ಆಗುತ್ತದೆಯೇ ಹೊರತು ವಿದ್ಯಾರ್ಥಿ ಯಾರೆಂದು ಹೇಳುವುದಿಲ್ಲ.

‘ಐಫ್ರೇಮ್ ಬೇಡ, ಸ್ಕ್ರಿಪ್ಟ್ ಟ್ಯಾಗ್ ಹಾಕಿಬಿಡಿ, ಎಲ್ಲ ಓದಬಹುದು’ ಎಂಬ ಸಲಹೆ ಬಂದರೆ ಒಪ್ಪಬೇಡಿ. ಆಗ ವಿಜೆಟ್‌ನ ಕೋಡ್ ಪೋರ್ಟಲ್‌ನ ಒರಿಜಿನ್‌ನಲ್ಲೇ ಓಡುತ್ತದೆ. ಕುಕೀ ಎಚ್‌ಟಿಟಿಪಿಓನ್ಲಿ (ಸ್ಕ್ರಿಪ್ಟ್‌ಗೆ ಓದಲಾಗದ್ದು) ಆಗಿದ್ದರೂ ಅದರ ಬಲದಿಂದ ಪೋರ್ಟಲ್‌ಗೆ ಕೋರಿಕೆ ಕಳುಹಿಸಬಹುದು. ನಿರ್ವಾಹಕರು ಆ ಪುಟ ತೆರೆದ ಕ್ಷಣದಲ್ಲಿ ಅವರ ಹೆಸರಿನಲ್ಲಿ ಹೊಸ ನಿರ್ವಾಹಕ ಖಾತೆಯನ್ನೇ ಮಾಡಬಹುದು. ವಿಜೆಟ್ ಸರ್ವರ್ ಒಡೆದರೆ ಪೋರ್ಟಲ್ ಕೂಡ ಒಡೆದಂತೆ. ಐಫ್ರೇಮ್‌ನ ಗೋಡೆ ನಿಮಗೆ ಅಡ್ಡಿಯಲ್ಲ, ರಕ್ಷಣೆ.

ಇದರ ಇನ್ನೊಂದು ಬದಿ: ವಿಜೆಟ್ ಸರ್ವರ್‌ನಲ್ಲಿ ಸಿಎಸ್‌ಪಿ ಹೆಡರ್‌ನ ‘ಫ್ರೇಮ್-ಆ್ಯನ್ಸೆಸ್ಟರ್ಸ್’ಗೆ (ಯಾರು ತಮ್ಮ ಪುಟದಲ್ಲಿ ಐಫ್ರೇಮ್ ಆಗಿ ಹಾಕಬಹುದೆಂಬ ಪಟ್ಟಿ) ಶಾಲೆಯ ಒರಿಜಿನ್ ಮಾತ್ರ ಬರೆಯಿರಿ. ಎಕ್ಸ್-ಫ್ರೇಮ್-ಆಪ್ಷನ್ಸ್‌ನ ‘ಅಲೋ-ಫ್ರಮ್’ ಅನ್ನು ಕ್ರೋಮ್ ಎಂದೂ ಬೆಂಬಲಿಸಲಿಲ್ಲ, ಅದರ ಮೇಲೆ ಸಮಯ ಕಳೆಯಬೇಡಿ.

---

ಲ್ಯಾಬ್_ಕೀಲಿ

ಶಾಲೆಯ ಕಂಪ್ಯೂಟರ್ ಲ್ಯಾಬ್‌ನ ವಿಷಯ ಯಾರೂ ಎತ್ತಿಲ್ಲ. ಒಂದೇ ಯಂತ್ರದಲ್ಲಿ ಒಬ್ಬರು ಲಾಗೌಟ್ ಆಗಿ ಇನ್ನೊಬ್ಬರು ಕೂರುತ್ತಾರೆ. ವಿಜೆಟ್ ತನ್ನ ಸೆಷನ್ ಅನ್ನು ಲೋಕಲ್‌ಸ್ಟೋರೇಜ್‌ನಲ್ಲಿ (ಪುಟ ಮುಚ್ಚಿದರೂ ಉಳಿಯುವ ಬ್ರೌಸರ್ ಸಂಗ್ರಹ) ಇಟ್ಟಿದ್ದರೆ ಎರಡನೆಯವರ ಉತ್ತರಗಳು ಮೊದಲನೆಯವರ ಖಾತೆಗೆ ಬೀಳುತ್ತವೆ. ವೇರಿಯಬಲ್‌ನಲ್ಲಿ ಇಡಿ ಎಂದು ಮೇಲೆ ಹೇಳಿದ್ದಕ್ಕೆ ಇದೂ ಒಂದು ಕಾರಣ. ಅರ್ಧ ಬರೆದ ಉತ್ತರಗಳನ್ನು ಲೋಕಲ್‌ಸ್ಟೋರೇಜ್‌ನಲ್ಲಿ ಉಳಿಸುತ್ತಿದ್ದರೆ ಕೀಲಿಯ ಹೆಸರಿನಲ್ಲಿ ವಿದ್ಯಾರ್ಥಿಯ ಐಡಿ ಸೇರಿಸಿ, ಸಲ್ಲಿಸಿದ ಮೇಲೆ ಅಳಿಸಿ. ಪೋರ್ಟಲ್‌ನ ಇನ್ನೊಂದು ಟ್ಯಾಬ್‌ನಲ್ಲಿ ಲಾಗೌಟ್ ಆದದ್ದು ತೆರೆದಿರುವ ವಿಜೆಟ್‌ಗೆ ತಿಳಿಯುವುದಿಲ್ಲ. ಅಂಕ ಸಲ್ಲಿಸುವ ಮುನ್ನ ವಿಜೆಟ್ ಹೊರಪುಟದಿಂದ ಹೊಸ ಟೋಕನ್ ಕೇಳಲಿ, ಅದರಲ್ಲಿರುವ ಐಡಿ ಸೆಷನ್‌ನ ಐಡಿಗೆ ಹೊಂದುತ್ತದೆಯೇ ಎಂದು ಸರ್ವರ್ ನೋಡಲಿ.

ಐಡಿಗೆ ವರ್ಡ್‌ಪ್ರೆಸ್‌ನ ಬಳಕೆದಾರ ಸಂಖ್ಯೆಯನ್ನೋ ದಾಖಲಾತಿ ಸಂಖ್ಯೆಯನ್ನೋ ಕೊಡಬೇಡಿ. ಪ್ರತಿ ವಿದ್ಯಾರ್ಥಿಗೂ ಒಂದು ಯಾದೃಚ್ಛಿಕ ಯುಯುಐಡಿ (ಬೇರೆಲ್ಲೂ ಮರುಕಳಿಸದ ಉದ್ದನೆಯ ಗುರುತು) ಮಾಡಿ ಯೂಸರ್ ಮೆಟಾದಲ್ಲಿ ಇಟ್ಟುಕೊಳ್ಳಿ, ವಿಜೆಟ್‌ಗೆ ಅದನ್ನೇ ಕೊಡಿ. ವಿಜೆಟ್‌ನ ಡೇಟಾ ಸೋರಿದರೂ ಅದರಿಂದ ಶಾಲೆಯ ದಾಖಲೆಗೆ ದಾರಿ ಸಿಗುವುದಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ 18 ವರ್ಷದೊಳಗಿನ ಎಲ್ಲರನ್ನೂ ಮಕ್ಕಳೆಂದೇ ನೋಡುತ್ತದೆ, ಅವರ ಮಾಹಿತಿಗೆ ಪೋಷಕರ ಪರಿಶೀಲಿಸಬಹುದಾದ ಒಪ್ಪಿಗೆ ಕೇಳುತ್ತದೆ. ಶಾಲೆಗೆ ಯಾವ ವಿನಾಯಿತಿ ಇದೆ ಎಂಬುದನ್ನು ಆಡಳಿತ ಮಂಡಳಿ ವಕೀಲರಿಂದ ತಿಳಿದುಕೊಳ್ಳಲಿ. ನಿಮ್ಮ ಕೈಯಲ್ಲಿರುವುದು ಕಡಿಮೆ ಕಳುಹಿಸುವುದು. ಅಂಕ ಕೂಡಿಸಲು ಹೆಸರು ಬೇಡ, ಯುಯುಐಡಿ ಸಾಕು. ಹೆಸರು ಪರದೆಗೆ ಮಾತ್ರ ಬೇಕು. ಆದ್ದರಿಂದ ಹೆಸರನ್ನು ಹೊರಪುಟವೇ ಐಫ್ರೇಮ್‌ನ ಮೇಲುಗಡೆ ತೋರಿಸಿದರೆ ವಿಜೆಟ್‌ಗೆ ಅದು ಹೋಗುವ ಅಗತ್ಯವೂ ಇಲ್ಲ.

---

ಪಾಟಿ_ಬಳಪ

ಹೆಸರನ್ನು ಹೊರಪುಟದಲ್ಲೇ ತೋರಿಸುವುದು ಹೊಳೆದಿರಲಿಲ್ಲ, ಹಾಗೇ ಮಾಡುತ್ತೇನೆ. ‘ಸಿದ್ಧ’ ಕ್ರಮ ಹಾಕಿದ ಮೇಲೆ ಸಂದೇಶ ತಪ್ಪುತ್ತಿಲ್ಲ, ಅಡ್ಮಿನ್-ಏಜಾಕ್ಸ್‌ಗೆ ಬದಲಿಸಿದ ಮೇಲೆ 403 ಕೂಡ ನಿಂತಿದೆ. ಕೊನೆಯ ಪ್ರಶ್ನೆ: ಯುಐಡಿ ಇದ್ದ ಹಳೆಯ ಕೊಂಡಿಗಳನ್ನು ಮಕ್ಕಳು ಬುಕ್‌ಮಾರ್ಕ್ ಮಾಡಿದ್ದಾರೆ, ವಾಟ್ಸಾಪ್ ಗುಂಪುಗಳಲ್ಲೂ ಓಡಾಡುತ್ತಿವೆ. ಇವಕ್ಕೆ ಏನು ಮಾಡಲಿ?

---

ಬೀಗದಕೈ

ಹಳೆಯ ದಾರಿಯನ್ನು ವಿಜೆಟ್‌ನ ಸರ್ವರ್‌ನಲ್ಲೇ ಮುಚ್ಚಿ. ಮುಂಭಾಗದಿಂದ ಕೋಡ್ ತೆಗೆದರೆ ಸಾಲದು, ಯುಐಡಿ ನಂಬಿ ಅಂಕ ಬರೆಯುವ ಎಂಡ್‌ಪಾಯಿಂಟ್ ಉಳಿದಿದ್ದರೆ ಯಾರಾದರೂ ನೇರವಾಗಿ ಅದಕ್ಕೇ ಕಳುಹಿಸುತ್ತಾರೆ. ಸೆಷನ್ ಟೋಕನ್ ಇಲ್ಲದ ಬರವಣಿಗೆಗೆ 401 ಕೊಡಿ. ಯುಐಡಿ ಇರುವ ಪುಟ ಕೋರಿಕೆ ಬಂದರೆ ಸಂಖ್ಯೆಯನ್ನು ಓದದೆ ಪೋರ್ಟಲ್‌ನ ಆ ಪಾಠದ ಪುಟಕ್ಕೆ ಕೊಂಡಿ ತೋರಿಸಿ. ಸರ್ವರ್ ಲಾಗ್‌ಗಳಲ್ಲಿ ಆ ಸಂಖ್ಯೆಗಳು ಕೂತಿರುತ್ತವೆ, ಅವನ್ನೂ ತೆಗೆಯಿರಿ. ಆ ಅವಧಿಯಲ್ಲಿ ದಾಖಲಾದ ಅಂಕಗಳಿಗೆ ‘ಪರಿಶೀಲಿಸಿಲ್ಲ’ ಎಂಬ ಕಾಲಂ ಸೇರಿಸಿ, ಯಾವುದನ್ನು ಉಳಿಸಬೇಕೆಂದು ವಿಷಯ ಶಿಕ್ಷಕರೇ ತೀರ್ಮಾನಿಸಲಿ.

ಬಿಡುಗಡೆಗೆ ಮುನ್ನ ಹೀಗೆ ಪರೀಕ್ಷಿಸಿ: ಕ್ರೋಮ್ ಇನ್‌ಕಾಗ್ನಿಟೋ, ಐಫೋನ್ ಸಫಾರಿ, ನಿಮ್ಮ ಆ್ಯಪ್‌ನ ವೆಬ್‌ವ್ಯೂ. ಮೂರರಲ್ಲೂ ಇಬ್ಬರು ವಿದ್ಯಾರ್ಥಿಗಳ ಖಾತೆಯಿಂದ ಒಬ್ಬರ ಹಿಂದೆ ಒಬ್ಬರು ಲಾಗಿನ್ ಆಗಿ. ಅದೂ ಕ್ಯಾಶ್ ಆನ್ ಇರುವ ನಿಜವಾದ ಪೋರ್ಟಲ್ ಮೇಲೆಯೇ ಮಾಡಿ.